ಹಿತ್ತಲಿನ ನೆರಳಿಗೆ ಹಣ್ಣಿನ ಗಿಡ: ಜೂನ್ ತಿಂಗಳ ಕೆಲಸ

ನಾಲ್ಕು ಗಿಡಗಳೂ ನೆಲ ಸೇರಿದವು. ಕುವೆಂಪುನಗರದ ನಮ್ಮ ಹಿತ್ತಲು ಇರುವುದು ಮನೆಯ ಉತ್ತರಕ್ಕೆ, ಗೋಡೆಯಿಂದ ಕಾಂಪೌಂಡಿನವರೆಗೆ 22 ಅಡಿ. "ಅಲ್ಲಿ ಬಿಸಿಲೇ ಬೀಳಲ್ಲ" ಅಂದವರೇ ಎಲ್ಲ. ಯಾವ ತಿಂಗಳು ಬೀಳಲ್ಲ ಅನ್ನೋದು ಮುಖ್ಯ.

ಡಿಸೆಂಬರಿನಲ್ಲಿ ನಡುಮಧ್ಯಾಹ್ನ ಮನೆಯ ನೆರಳು ಮುಗಿಯುವ ಕಡೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು ಗೂಟ ಹೊಡೆದಿದ್ದೆ. ತಾರಸಿ 20 ಅಡಿ ಎತ್ತರ, ನೆರಳು ಗೋಡೆಯಿಂದ 14 ಅಡಿ ದಾಟಿತ್ತು. ಮೈಸೂರಿನಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಗೆ ಬಂದು, ಉತ್ತರಕ್ಕೆ ಸರಿದು, ಆಗಸ್ಟ್ ಮೂರನೇ ವಾರ ಮತ್ತೆ ನೆತ್ತಿಗೆ ಬರುತ್ತಾನೆ. ಆ ನಡುವೆ ಮಧ್ಯಾಹ್ನ ಗೋಡೆ ಬುಡಕ್ಕೂ ಬಿಸಿಲು. ಹಾಗಾಗಿ ನಾನು ನಂಬಿದ್ದು ಚಳಿಗಾಲದ ಗೆರೆಯನ್ನೇ. ಮಾವು ಬೇಡ ಅಂದಿದ್ದೂ ಅದಕ್ಕೇ: ಅದು ಹೂ ಬಿಡೋದೇ ಆ ತಿಂಗಳುಗಳಲ್ಲಿ.

ಗೆರೆಯಾಚೆ ನಿಂಬೆ. ಅದಕ್ಕೆ ಬಿಸಿಲಿನಲ್ಲಿ ರಾಜಿ ಇಲ್ಲ.

ಗೆರೆಯ ಒಳಗೆ ಕಮರಾಕ್ಷಿ, ಅದೇ ಸ್ಟಾರ್ ಫ್ರೂಟ್. ಅರೆನೆರಳು ತಡೆಯುತ್ತೆ. ಪುಟ್ಟ ಗುಲಾಬಿ ಹೂಗೊಂಚಲು ಹಳೇ ಕೊಂಬೆ, ಕಾಂಡದ ಮೇಲೂ ಬರುತ್ತೆ. ನರ್ಸರಿಯ ತಾಯಿಗಿಡದಲ್ಲಿ ಎಲೆ ಸರಿಸಿ ನೋಡಿದಾಗ ಒಳಗೊಳಗೇ ಕಾಯಿ ಜೋತಿದ್ದವು, ಅಲ್ಲೇ ಮನಸ್ಸು ಮಾಡಿದೆ. ಕಿಡ್ನಿ ತೊಂದರೆ ಇರೋರು ಮಾತ್ರ ಈ ಹಣ್ಣು ಮುಟ್ಟಬಾರದು.

ಗೋಡೆಯ ಹತ್ತಿರ ಮುರುಗಲು, ಅದೇ ಪುನರ್ಪುಳಿ (ಕೋಕಂ). ಪಶ್ಚಿಮ ಘಟ್ಟದ ಕಾಡಿನ ನೆರಳಿನ ಮರ. ಬೀಜದ ಸಸಿ ಗಂಡೋ ಹೆಣ್ಣೋ ಅಂತ ಹೂ ಬಿಡೋವರೆಗೂ ಗೊತ್ತಾಗಲ್ಲ, ಅದಕ್ಕೆ ಹೆಣ್ಣು ಮರದ ಕಸಿಗಿಡವನ್ನೇ ಕೇಳಿ ತಂದೆ. ನಮ್ಮೂರ ಒಣಹವೆಗೆ ಬುಡದ ಸುತ್ತ ತರಗೆಲೆ ದಪ್ಪಗೆ ಹಾಸಿದ್ದೀನಿ.

ಬಚ್ಚಲ ನೀರು ಹೋಗುವ ಕಡೆ ಬಾಳೆ. ಅಮ್ಮನಿಗೆ ನಂಜನಗೂಡು ರಸಬಾಳೆಯೇ ಆಗಬೇಕು. "ಪಚ್ಚಬಾಳೆ ಅಂಗಡೀಲಿ ಸಿಗುತ್ತಲ್ಲೋ" ಅಂದರು, ಸರಿಯಾದ ಮಾತೇ. ಆದರೆ ರಸಬಾಳೆಗೆ ಪನಾಮಾ ಸೊರಗು ರೋಗದ ಕಾಟ. ಅದನ್ನು ತರುವ ಶಿಲೀಂಧ್ರ ಕಂದಿನ (ಬುಡದ ಮರಿಗಿಡದ) ಜೊತೆಗೂ ಬರುತ್ತೆ, ಮಣ್ಣಿಗೆ ಸೇರಿದರೆ ವರ್ಷಾನುಗಟ್ಟಲೆ ಬಿಡಲ್ಲ. ಅದಕ್ಕೇ ಯಾರ ತೋಟದ ಕಂದೂ ಬೇಡ ಅಂತ ಅಂಗಾಂಶ ಕೃಷಿಯ, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಸಸಿ ನೆಟ್ಟೆ. ಕೆಳಗಿನ ಎಲೆ ಅಂಚಿನಿಂದ ಹಳದಿಯಾಗ್ತಿದೆಯಾ, ದಿಂಡು ಉದ್ದಕ್ಕೆ ಸೀಳ್ತಿದೆಯಾ ಅಂತ ದಿನಾ ನೋಡ್ತೀನಿ. ನೆರಳಿನಲ್ಲಿ ಗೊನೆ ತಡವಾಗುತ್ತೆ, ಆಗಲಿ.

ಪಡುವಣ ಮೂಲೆ ಇನ್ನೂ ಖಾಲಿ. ಲಕ್ಷ್ಮಣಫಲದ ಮೇಲೆ ಕಣ್ಣಿದೆ. ಮಧ್ಯಾಹ್ನದ ಮೇಲಷ್ಟೇ ಬಿಸಿಲು ಬೀಳುವ ಜಾಗದಲ್ಲಿ ಬೆಳೆಸಿರುವವರು ಕಾಯಿ ಎಷ್ಟು ಕಚ್ಚುತ್ತೆ ಅಂತ ದಯವಿಟ್ಟು ತಿಳಿಸಿ.