ಹತ್ತು ಅಂಗುಲದ ಪಕ್ಕೆಲುಬಿನ ಕನ್ನಡಿ: ಕಾರ್ನಿಂಗ್‌ಗೆ ಹೋಗಿ ಬಂದ ನಂತರದ ಪ್ರಗತಿ

ದೂರದರ್ಶಕಕ್ಕಾಗಿ ನಾನೇ ಮಾಡುತ್ತಿರುವ ಕನ್ನಡಿಯ ಬ್ಲ್ಯಾಂಕ್, ಅಂದರೆ ಇನ್ನೂ ಉಜ್ಜಿ ಮುಗಿಸದ ಗಾಜಿನ ತಟ್ಟೆ, ಈ ಸಲ ಒಡೆಯಲಿಲ್ಲ. 80ರ ಗ್ರಿಟ್ಟಿನಲ್ಲಿ (ಉಜ್ಜುವ ಪುಡಿ; ಸಂಖ್ಯೆ ಹೆಚ್ಚಿದಷ್ಟೂ ನಯ) ಎಫ್/5ಕ್ಕೆ, ಅಂದರೆ ನಾಭಿದೂರ ವ್ಯಾಸದ ಐದು ಪಟ್ಟಾಗಲು, ಬೇಕಾದ ಆಳವನ್ನು ಪೂರ್ತಿ ತೋಡಿ, 120ನ್ನೂ ದಾಟಿ, ಈಗ 220ಕ್ಕೆ ಬಂದಿದ್ದೇನೆ. ಹಿಂದೆ ಮಾಡಿದ ಯಾವ ಬ್ಲ್ಯಾಂಕೂ ಇಲ್ಲಿಯವರೆಗೆ ಬಂದಿರಲಿಲ್ಲ. ಉಜ್ಜುವ ಸ್ಟ್ರೋಕ್, ಆಳ ಅಳೆಯುವ ಸ್ಫೆರೋಮೀಟರ್, ಗ್ರಿಟ್ ಬದಲಿಸುವಾಗಿನ ತೊಳೆತ ಇವೆಲ್ಲ ಕನ್ನಡಿ ಉಜ್ಜುವವರಿಗೆ ಗೊತ್ತಿರುವುದೇ ಆದ್ದರಿಂದ ಅವನ್ನು ಬಿಟ್ಟು, ಇಡೀ ಚಳಿಗಾಲವನ್ನು ತಿಂದುಹಾಕಿದ ಒಂದೇ ತೊಡಕಿನ ಬಗ್ಗೆ ಬರೆಯುತ್ತೇನೆ.

ವಿನ್ಯಾಸ ಇಷ್ಟೇ: 12 ಮಿಲಿಮೀಟರ್ ದಪ್ಪದ ಫ್ಲೋಟ್ ಗಾಜಿನ (ಕಿಟಕಿಗೆ ಬಳಸುವ ಸಾಮಾನ್ಯ ಗಾಜು) ಮುಖತಟ್ಟೆ, ಅದರ ಬೆನ್ನಿಗೆ 10 ಮಿಲಿಮೀಟರ್ ಗಾಜಿನ ಪಕ್ಕೆಲುಬುಗಳು, ಅವು ಕುಲುಮೆಯ ಶಾಖಕ್ಕೆ ಬಾಗದಂತೆ ನಡುನಡುವೆ ಸೆರಾಮಿಕ್ ಫೈಬರಿನ ಅಚ್ಚುತುಂಡುಗಳು. ಎಲ್ಲವೂ ಕರಗಿ ಒಂದಾದರೆ, ಅದೇ ಅಳತೆಯ ಗಟ್ಟಿ ಬ್ಲ್ಯಾಂಕಿನ ಸುಮಾರು ಅರ್ಧ ತೂಕದಲ್ಲಿ, ರಾತ್ರಿಯ ತಂಪಿಗೆ ಬೇಗ ಹೊಂದಿಕೊಳ್ಳುವ ಕನ್ನಡಿ ಸಿಗುತ್ತದೆ. ಆದರೆ ಕುಲುಮೆಯಿಂದ ಅಖಂಡವಾಗಿ ಹೊರಬಂದ ಬ್ಲ್ಯಾಂಕ್, 80ರ ಗ್ರಿಟ್ ಹಾಕಿ ಮೇಲ್ಮೈಯನ್ನು ಸ್ವಲ್ಪ ತೋಡಿದೊಡನೆ ಟಪ್ಪೆಂದು ಬಿರುಕು ಬಿಡುತ್ತಿತ್ತು. ಬಿರುಕು ಪ್ರತಿ ಸಲವೂ ಪಕ್ಕೆಲುಬು ಮುಖತಟ್ಟೆಗೆ ಕೂಡುವ ಮೂಲೆಯಿಂದಲೇ ಹೊರಡುತ್ತಿತ್ತು. ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಬ್ಲ್ಯಾಂಕ್ ಹಿಡಿದು, ಈಚೆಯಿಂದ ಪೋಲರಾಯ್ಡ್ ಹಾಳೆಯ ಮೂಲಕ ನೋಡಿದರೆ ಆ ಮೂಲೆಗಳಲ್ಲೆಲ್ಲ ಬೆಳ್ಳನೆಯ ಪಟ್ಟೆಗಳು ಕಾಣುತ್ತಿದ್ದವು, ಅದೂ ಒಂದು ಪಕ್ಕಕ್ಕೆ ವಾಲಿಕೊಂಡು. ಗಾಜಿನೊಳಗೆ ಬಿಗಿತ ಉಳಿದಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ.

ಬಲ್ಲವರೆಲ್ಲ ಕೊಟ್ಟ ಸಲಹೆ ಒಂದೇ: ಇನ್ನೂ ನಿಧಾನವಾಗಿ ತಣಿಸು. ಸಲಹೆಗೆ ಆಧಾರವಿದೆ. ತಣಿಯುವಾಗ ಉಳಿಯುವ ಬಿಗಿತವು ದಪ್ಪದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ದಪ್ಪ ಎರಡು ಪಟ್ಟಾದರೆ ತಣಿಸುವ ವೇಗವನ್ನು ಕಾಲು ಭಾಗಕ್ಕೆ ಇಳಿಸಬೇಕು. ನಾನು ಅದಕ್ಕಿಂತಲೂ ಇಳಿಸಿ, ಗಂಟೆಗೆ ಕೆಲವೇ ಡಿಗ್ರಿಗಳ ವೇಗದಲ್ಲಿ ತಣಿಸಿದರೂ ಪಟ್ಟೆಗಳು ಬಂದ ಹಾಗೆಯೇ ಬರುತ್ತಿದ್ದವು. ವಿದ್ಯುತ್ ಬಿಲ್ಲು ಮಾತ್ರ ಏರುತ್ತಿತ್ತು.

ಈ ಹಂತದಲ್ಲಿ ಗೆಳೆಯರ ಬಳಗದೊಂದಿಗೆ ನ್ಯೂಜೆರ್ಸಿಯಿಂದ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಪಟ್ಟಣಕ್ಕೆ ಹೊರಟೆ. ಅಲ್ಲಿನ ಗಾಜಿನ ಮ್ಯೂಸಿಯಂ, ಕಾರ್ನಿಂಗ್ ಗ್ಲಾಸ್ ವರ್ಕ್ಸ್ ತನ್ನ ನೂರು ವರ್ಷ ತುಂಬಿದ ನೆನಪಿಗೆ 1951ರಲ್ಲಿ ಸ್ಥಾಪಿಸಿದ್ದು. ಗೆಳೆಯರಲ್ಲಿ ಒಬ್ಬರಿಗೆ ಫ್ರೆಡರಿಕ್ ಕಾರ್ಡರ್ ಸ್ಟೂಬೆನ್ ಕಂಪನಿಗಾಗಿ ಸೃಷ್ಟಿಸಿದ ಬಣ್ಣದ ಗಾಜು ನೋಡುವ ಆಸೆ, ಮಕ್ಕಳಿಗೆ ತಾವೇ ಊದಿ ಗಾಜಿನ ಗುಂಡು ಮಾಡುವ ಆಸೆ, ನನಗೆ 200 ಅಂಗುಲದ ತಟ್ಟೆಯ ಆಸೆ. ಮಕ್ಕಳು ಊದಿದ ಗುಂಡುಗಳನ್ನು ಅಂದೇ ಕೈಗೆ ಕೊಡುವುದಿಲ್ಲ. ಅವು ರಾತ್ರಿಯಿಡೀ ಆನೀಲಿಂಗ್ ಒಲೆಯಲ್ಲಿ, ಅಂದರೆ ಬಿಗಿತ ಉಳಿಯದಂತೆ ನಿಧಾನವಾಗಿ ತಣಿಸುವ ಒಲೆಯಲ್ಲಿ, ತಣಿಯಬೇಕು. ಮಕ್ಕಳ ಮುಖ ಬಾಡಿತು, ಆದರೆ ಈ ನಿಯಮದಷ್ಟು ಸರಿಯಾದ ಪಾಠ ಗಾಜಿನ ವಿಷಯದಲ್ಲಿ ಬೇರೆ ಇಲ್ಲ.

ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಹೇಲ್ ದೂರದರ್ಶಕಕ್ಕೆಂದು 1934ರ ಮಾರ್ಚ್‌ನಲ್ಲಿ ಎರಕ ಹೊಯ್ದ ಮೊದಲ ತಟ್ಟೆ ಅಲ್ಲಿದೆ. ಅದರ ಮುಂದೆ ನಿಂತಾಗ ಉಂಟಾದ ಸಂತೋಷವನ್ನು ಕನ್ನಡಿ ಉಜ್ಜಿದವರು ಮಾತ್ರ ಬಲ್ಲರು. ಇದಕ್ಕೆ ಮುಂಚೆ ಜನರಲ್ ಎಲೆಕ್ಟ್ರಿಕ್ ಕಂಪನಿ ಕರಗಿಸಿದ ಕ್ವಾರ್ಟ್ಜ್‌ನಿಂದ ಇಂಥ ಕನ್ನಡಿ ಮಾಡಲು ಹೊರಟು ಕೈಬಿಟ್ಟಿತ್ತು. ಆಮೇಲೆ ಕಾರ್ನಿಂಗ್‌ನ ಭೌತವಿಜ್ಞಾನಿ ಜಾರ್ಜ್ ಮೆಕ್ಕಾಲಿ ಅವರ ನೇತೃತ್ವದಲ್ಲಿ ಪೈರೆಕ್ಸ್ ಗಾಜಿನ ತಟ್ಟೆ ಎರೆಯಲಾಯಿತು. ತೂಕ ಇಳಿಸಲು ಅದರ ಬೆನ್ನಿಗೂ ಪಕ್ಕೆಲುಬುಗಳೇ. ನಡುವಿನ ಪೊಳ್ಳುಗಳಿಗಾಗಿ ಅಗ್ನಿನಿರೋಧಕ ಇಟ್ಟಿಗೆಯ ಅಚ್ಚುಗಳು. ಮೊದಲ ಎರಕದಲ್ಲಿ ಆ ಅಚ್ಚುಗಳನ್ನು ತಳಕ್ಕೆ ಬಿಗಿದಿದ್ದ ಲೋಹದ ಕಂಬಿಗಳು ಶಾಖಕ್ಕೆ ಸೋತು, ಕೆಲವು ಅಚ್ಚುಗಳು ಕಿತ್ತುಬಂದು ಕರಗಿದ ಗಾಜಿನ ಮೇಲೆ ತೇಲಿದವು. ಆ ವರ್ಷದ ಡಿಸೆಂಬರ್‌ನಲ್ಲಿ ಮತ್ತೆ ಎರೆದಾಗ ಕ್ರೋಮ್-ನಿಕಲ್ ಉಕ್ಕಿನ ಆಧಾರಗಳನ್ನು ಬಳಸಿ, ಅವಕ್ಕೆ ಗಾಳಿ ಹಾಯಿಸಿ ತಂಪಾಗಿಟ್ಟರು. ಆ ಎರಡನೆಯ ತಟ್ಟೆಯನ್ನು ದಿನಕ್ಕೆ ಒಂದು ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ವೇಗದಲ್ಲಿ ಸುಮಾರು ಹತ್ತು ತಿಂಗಳು ತಣಿಸಲಾಯಿತು. 1936ರಲ್ಲಿ 20 ಟನ್ ತೂಕದ ಆ ತಟ್ಟೆ ರೈಲಿನಲ್ಲಿ ಪಸಡೇನಾಗೆ ಹೋಯಿತು. ನಡುವೆ ಯುದ್ಧ ಬಂದು ಉಜ್ಜುವ ಕೆಲಸ ನಿಂತಿತು, ಕೊನೆಗೆ ದೂರದರ್ಶಕದ ಉದ್ಘಾಟನೆ 1948ರಲ್ಲಿ ಆಯಿತು.

ನನ್ನ ಕಣ್ಣು ನೆಟ್ಟದ್ದು ಪಕ್ಕೆಲುಬುಗಳ ಮೇಲೆ. ಇಷ್ಟು ದೊಡ್ಡ ತಟ್ಟೆಯಲ್ಲಿಯೂ ಗಾಜಿನ ಯಾವ ಭಾಗವೂ ಉಳಿದವುಗಳಿಗಿಂತ ವಿಪರೀತ ದಪ್ಪವಾಗದಂತೆ ನೋಡಿಕೊಂಡಿದ್ದರು. ಹತ್ತು ತಿಂಗಳ ನಿಧಾನಗತಿಯ ಉದ್ದೇಶವೇ ಒಳಗೂ ಹೊರಗೂ, ಮೇಲೂ ಕೆಳಗೂ ಉಷ್ಣತೆ ಒಂದೇ ಆಗಿರಲಿ ಎಂಬುದು. ಮಧ್ಯಾಹ್ನದ ಬಿಸಿಗಾಜಿನ ಪ್ರದರ್ಶನದಲ್ಲಿ ಇದೇ ವಿಷಯ ಚಿಕ್ಕದಾಗಿ ಕಾಣಿಸಿತು. ಹೂಜಿಗೆ ಹಿಡಿಕೆ ಅಂಟಿಸುವ ಮೊದಲು ಕಲಾವಿದೆ ಹೂಜಿಯನ್ನು ಮತ್ತೆ ಮತ್ತೆ ಕುಲುಮೆಯ ಬಾಯಿಗೆ ಹಿಡಿದು ಕಾಯಿಸಿದರು. ಕೇಳಿದಾಗ, ಬಿಸಿ ಹಿಡಿಕೆಯೂ ತಣಿದ ಮೈಯೂ ಕೂಡಿದರೆ ಸೇರುವ ಜಾಗದಲ್ಲಿಯೇ ಒಡೆಯುತ್ತದೆ, ಆಮೇಲೆ ಎಷ್ಟು ನಿಧಾನವಾಗಿ ತಣಿಸಿದರೂ ಕೆಲವು ಸಲ ಉಳಿಯುವುದಿಲ್ಲ ಎಂದರು. ನನ್ನ ಬಿರುಕು ಹೊರಡುತ್ತಿದ್ದದ್ದೂ ಸೇರುವ ಜಾಗದಿಂದಲೇ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ. ಕುಲುಮೆ ಎಷ್ಟು ನಿಧಾನವಾಗಿ ತಣಿಯುತ್ತಿದೆ ಎಂಬುದಲ್ಲ. ಸ್ಟ್ರೇನ್ ಪಾಯಿಂಟನ್ನು, ಅಂದರೆ ಅದಕ್ಕಿಂತ ತಣ್ಣಗಾದರೆ ಗಾಜು ಒಳಗಿನ ಬಿಗಿತವನ್ನು ಸಡಿಲಿಸಿಕೊಳ್ಳಲಾರದ ಉಷ್ಣತೆಯನ್ನು, ದಾಟುವ ಹೊತ್ತಿಗೆ ಬ್ಲ್ಯಾಂಕಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಉಷ್ಣತೆಯಲ್ಲಿ ಎಷ್ಟು ಅಂತರವಿದೆ ಎಂಬುದು. ಆ ಗೆರೆ ದಾಟುವಾಗ ಇರುವ ಅಂತರವು ಕೋಣೆಯ ಉಷ್ಣತೆಗೆ ಬಂದಾಗ ಶಾಶ್ವತ ಬಿಗಿತವಾಗಿ ಉಳಿಯುತ್ತದೆ, ಅಲ್ಲಿಗೆ ಬರಲು ಎಷ್ಟು ದಿನ ತೆಗೆದುಕೊಂಡರೂ ಸರಿ.

ಮನೆಗೆ ಬಂದವನೇ ಬ್ಲ್ಯಾಂಕಿನ ಕೆಳಗೆ ಇನ್ನೊಂದು ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಇಟ್ಟೆ. ಇದಕ್ಕೇ ಎರಡು ವಾರ ಹಿಡಿಯಿತು, ಏಕೆಂದರೆ ಮಾರಾಟಗಾರರೊಬ್ಬರು ಕಳಿಸಿದ ಥರ್ಮೋಕಪಲ್ ಪೆಟ್ಟಿಗೆಯ ಮೇಲೆ ಒಂದು ಬಗೆ, ಒಳಗೆ ಇನ್ನೊಂದು ಬಗೆ. ಬದಲಿಸಿ ಕೊಡಲು ಅವರು ಮತ್ತೆ ಸಾಗಣೆ ವೆಚ್ಚ ಕೇಳಿದರು. ಗಾಜು, ಪಾಲಿಶ್‌ಗೆ ಬೇಕಾದ ಪಿಚ್ (ರಾಳದಂಥ ಅಂಟು), ಸೀರಿಯಂ ಆಕ್ಸೈಡ್ ಪುಡಿ ಯಾವುದನ್ನೇ ತರಿಸಿದರೂ ಹವ್ಯಾಸಿಯ ಸಣ್ಣ ಆರ್ಡರಿಗೆ ಬೆಲೆಯಿಲ್ಲದಂತಾಗಿದೆ, ಇದು ನಿಜಕ್ಕೂ ನೋವಿನ ವಿಷಯ. ಸರಿಯಾದ ಥರ್ಮೋಕಪಲ್ ಬಂದ ಮೇಲೆ ಕಂಡದ್ದು ಸ್ಪಷ್ಟ: ಕುಲುಮೆಯ ತಳದ ಮೇಲೆ ನೇರವಾಗಿ ಕೂತ ಶೆಲ್ಫು ಶಾಖವನ್ನು ಹೀರುತ್ತಿತ್ತು, ಪಕ್ಕೆಲುಬುಗಳ ನಡುವಿನ ಸೆರಾಮಿಕ್ ಫೈಬರ್ ತನ್ನ ಬಿಸಿಯನ್ನು ಬಿಡುತ್ತಿರಲಿಲ್ಲ, ಹೀಗಾಗಿ ಮುಖತಟ್ಟೆಯೂ ಪಕ್ಕೆಲುಬೂ ಬೇರೆ ಬೇರೆ ಹೊತ್ತಿಗೆ ಸ್ಟ್ರೇನ್ ಪಾಯಿಂಟ್ ದಾಟುತ್ತಿದ್ದವು.

ಶೆಲ್ಫನ್ನು ಮೋಟುಗಂಬಗಳ ಮೇಲೆ ಎತ್ತರಿಸಿ ಕೆಳಗೂ ಬಿಸಿಗಾಳಿ ಆಡುವಂತೆ ಮಾಡಿದೆ. ಅಚ್ಚುತುಂಡುಗಳನ್ನು ಪೊಳ್ಳಾಗಿ ಕೊರೆದೆ. ಬ್ಲ್ಯಾಂಕಿನ ಅಂಚಿಗೆ ಫೈಬರ್ ಕಂಬಳಿಯ ಪಟ್ಟಿ ಸುತ್ತಿದೆ. ಆನೀಲಿಂಗ್ ಉಷ್ಣತೆಯಲ್ಲಿ ಎರಡೂ ಥರ್ಮೋಕಪಲ್‌ಗಳ ಅಂತರ ಐದು ಡಿಗ್ರಿಗಿಂತ ಕೆಳಗೆ ಬರುವವರೆಗೆ ಹಿಡಿದಿಟ್ಟು, ಆಮೇಲೆಯೇ ಇಳಿಸಲು ಬಿಟ್ಟೆ. ತಣಿಸಿದ ವೇಗ ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಪೋಲರಾಯ್ಡ್ ಹಾಳೆಯಲ್ಲಿ ನೋಡಿದರೆ ಪಟ್ಟೆಗಳ ಜಾಗದಲ್ಲಿ ಅಂಚಿನ ಸುತ್ತ ಸಮನಾದ ಮಸುಕು ಬೆಳಕು ಮಾತ್ರ.

ಇಲ್ಲಿ ಮುಂದಿನ ಯೋಜನೆಯನ್ನು ಹೇಳದೆ ಇರಲಾರೆ. ಉಷ್ಣತೆಯನ್ನು ಇಷ್ಟು ಸಮನಾಗಿ ಹಿಡಿಯಬಹುದಾದರೆ, 16 ಅಂಗುಲದ ತೆಳು ತಟ್ಟೆಯನ್ನು ಬಾಗಿದ ಅಚ್ಚಿನ ಮೇಲೆ ಮೆದುವಾಗಿಸಿ ಇಳಿಬಿಟ್ಟು ಮೆನಿಸ್ಕಸ್ ಕನ್ನಡಿ (ಮುಖವೂ ಬೆನ್ನೂ ಒಂದೇ ರೀತಿ ಬಾಗಿದ್ದು) ಮಾಡಬಹುದು. ತೋಡುವ ಕೆಲಸವನ್ನು ಬಹುಪಾಲು ಕುಲುಮೆಯೇ ಮುಗಿಸಿಕೊಡುತ್ತದೆ. ಕುಲುಮೆಯ ಒಡತಿಯಾದ ಕುಂಬಾರಿಕೆಯ ಗೆಳತಿ ಒಪ್ಪಿದ್ದಾರೆ, ಅಚ್ಚಿನ ರೇಖಾಚಿತ್ರ ಆಗಲೇ ಸಿದ್ಧವಾಗಿದೆ. ತಮಿಳುನಾಡಿನ ಕಾವಲೂರಿನ ವೇಣು ಬಾಪು ದೂರದರ್ಶಕದ 2.3 ಮೀಟರ್ ಕನ್ನಡಿಯನ್ನು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯಲ್ಲಿಯೇ ಉಜ್ಜಿದ್ದು ಎಂದು ತಿಳಿದಂದಿನಿಂದ, ಊರಿಗೆ ಮರಳಿದಾಗ ಅಲ್ಲಿ ನಾನೇ ಮಾಡಿದ ದೊಡ್ಡ ಕನ್ನಡಿಯೊಂದನ್ನು ನಿಲ್ಲಿಸಬೇಕೆಂಬ ಆಸೆ ನನಗೆ ಗಟ್ಟಿಯಾಗಿದೆ.

ಸದ್ಯದ ಕನ್ನಡಿಗೆ ಇನ್ನೊಂದು ಪರೀಕ್ಷೆ ಬಾಕಿಯಿದೆ. ಪಾಲಿಶ್ ಮಾಡುವಾಗ ಲ್ಯಾಪಿನ, ಅಂದರೆ ಪಿಚ್ಚು ಹೊದಿಸಿದ ಉಜ್ಜುವ ತಟ್ಟೆಯ, ಒತ್ತಡಕ್ಕೆ ಪಕ್ಕೆಲುಬುಗಳ ನಡುವಿನ ತೆಳು ಭಾಗ ಬಗ್ಗಿ, ಕೆಲಸ ಮುಗಿದ ಮೇಲೆ ಬೆನ್ನಿನ ವಿನ್ಯಾಸವೇ ಮುಖದ ಮೇಲೆ ಅಚ್ಚಾಗಿ ಕಾಣುವ ಅಪಾಯ ಇಂಥ ಕನ್ನಡಿಗಳಿಗಿದೆ. ಮೆತ್ತನೆಯ ಪಿಚ್ಚು, ಹಗುರ ಲ್ಯಾಪು, ಭಾರವಿಲ್ಲದ ಕೈ, ಇಷ್ಟರಿಂದ ನಿಭಾಯಿಸಬಹುದೆಂದು ಲೆಕ್ಕ ಹಾಕಿದ್ದೇನೆ. ಆದರೆ ತರಿಸಿದ ಪಿಚ್ಚು ಹೇಳಿದ್ದಕ್ಕಿಂತ ಗಟ್ಟಿಯಾಗಿ ಬಂದಿದೆ. ಟರ್ಪೆಂಟೈನ್ ಬೆರೆಸಿ ಮೆದುಮಾಡಿ, ಉಗುರಿನಿಂದ ಒತ್ತಿ ನೋಡಿದ ನಂತರವೇ ಲ್ಯಾಪ್ ಎರೆಯುತ್ತೇನೆ; ಅದಕ್ಕೆ ಮೊದಲು 320 ಮತ್ತು 500 ಮುಗಿಯಬೇಕು.