ಇಳಿಸಿದ ತೂಕ ವಾಪಸ್ ಬಂದಾಗ

ಇಳಿಸಿದ್ದ 11 ಕೆಜಿಯಲ್ಲಿ 9 ಕೆಜಿ ಮತ್ತೆ ಬಂದಿದೆ. ಒಂದೇ ಸಲಕ್ಕೆ ಬಂದದ್ದಲ್ಲ. ಜಯನಗರದಲ್ಲಿದ್ದ ನಮ್ಮ ಆಫೀಸು ಔಟರ್ ರಿಂಗ್ ರೋಡಿಗೆ ಹೋಯಿತು. ವಾಕಿಂಗ್‌ಗೆ ಸಿಗುತ್ತಿದ್ದ ಹೊತ್ತೆಲ್ಲ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕಳೆಯತೊಡಗಿತು. ಅದರ ಹಿಂದೆಯೇ ಅಮ್ಮನ ಮಂಡಿ ಆಪರೇಷನ್. ರಾತ್ರಿ ಅವರ ಪಕ್ಕ ಮಲಗಿ, ಎದ್ದು, ಮತ್ತೆ ಮಲಗಿ, ನನ್ನ ನಿದ್ದೆ ಕೆಟ್ಟಿತು. ನಿದ್ದೆ ಕೆಟ್ಟಷ್ಟೂ ಹಸಿವು ಜಾಸ್ತಿಯಾಯಿತು. ಅಮ್ಮನನ್ನು ನೋಡಿಕೊಂಡಿದ್ದಕ್ಕೆ ನನಗೆ ಚೂರೂ ಬೇಸರವಿಲ್ಲ.

ಬೇಸರವಾಗಿದ್ದು ನೆಂಟರ ಮನೆ ಗೃಹಪ್ರವೇಶದಲ್ಲಿ. ಎಲೆ ಮುಂದೆ ಕೂತಿದ್ದೆ. "ಅಯ್ಯೋ, ಅಷ್ಟು ಚೆನ್ನಾಗಿ ಸಣ್ಣ ಆಗಿದ್ದೆ, ಮತ್ತೆ ಹಾಗೇ ಆಗ್ಬಿಟ್ಯಲ್ಲೇ! ಯಾಕೆ ಬಿಟ್ಟೆ?" ಅಂದರು ದೊಡ್ಡಮ್ಮ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನನಗೆ ಗೊತ್ತು. ಆದರೂ ಯಾರ ಮೈ ಬಗ್ಗೆಯೂ ಹೀಗೆ ನಾಲ್ಕು ಜನರ ಮುಂದೆ ಕೇಳಬಾರದು. ಊಟದ ಎಲೆ ಮುಂದಂತೂ ಬೇಡವೇ ಬೇಡ.

ಆಮೇಲೆ ಬಸವನಗುಡಿಯಲ್ಲಿರುವ ನಮ್ಮ ಡಾಕ್ಟರಮ್ಮನ ಹತ್ತಿರ ಹೋದೆ. ಬೈತಾರೆ ಅಂದುಕೊಂಡಿದ್ದೆ. ಅವರು ತೂಕದ ಮೆಷಿನ್ ಹತ್ತಿಸುವ ಮೊದಲೇ ಟೇಪ್ ತಗೊಂಡು ಹೊಟ್ಟೆಯ ಸುತ್ತಳತೆ ನೋಡಿದರು. 91 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ದಾಟಿದರೆ ಹುಷಾರಾಗಿರಬೇಕಂತೆ. ನಮ್ಮವರಿಗೆ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಜಾಸ್ತಿ, ಅದರಿಂದಲೇ ಶುಗರ್ ಬೇಗ ಬರುತ್ತದೆ ಅಂದರು.

"ನನಗೆ ಮನಸ್ಸು ಗಟ್ಟಿ ಇಲ್ವೇನೋ ಡಾಕ್ಟ್ರೇ," ಅಂದೆ.

"ಮನಸ್ಸಿನ ಮಾತು ಬಿಡಿ. ನಿಮ್ಮ ಮೈಯೇ ಹಳೇ ತೂಕಕ್ಕೆ ವಾಪಸ್ ಹೋಗೋಕೆ ನೋಡ್ತಾ ಇರುತ್ತೆ," ಅಂದರು.

ಹೊರಗೆ ಜನ ಕಾಯುತ್ತಿದ್ದರೂ ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಮೈಯ ಕೊಬ್ಬು ಕರಗಿದಾಗ, 'ಸಾಕು' ಅಂತ ಮಿದುಳಿಗೆ ತಿಳಿಸುವ ಲೆಪ್ಟಿನ್ ಅನ್ನೋ ಹಾರ್ಮೋನು ಕಡಿಮೆಯಾಗುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ. ತೂಕ ಇಳಿಸಿ ಒಂದು ವರ್ಷ ಕಳೆದವರಲ್ಲೂ ಇದು ಸರಿಹೋಗಿರಲಿಲ್ಲ ಅಂತ ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ತೋರಿಸಿದ್ದಾರಂತೆ. ಇನ್ನೊಂದು ಅಧ್ಯಯನ ಅಮೆರಿಕದ್ದು, 2016ರದು. ಟಿವಿ ಸ್ಪರ್ಧೆಯೊಂದರಲ್ಲಿ ತೂಕ ಇಳಿಸಿದ್ದ 14 ಜನರನ್ನು 6 ವರ್ಷದ ನಂತರ ಪರೀಕ್ಷೆ ಮಾಡಿದರು. ಅಷ್ಟು ಗಾತ್ರದ ಮೈ ಸುಮ್ನೆ ಕೂತಾಗ ಎಷ್ಟು ಖರ್ಚು ಮಾಡಬೇಕೋ, ಅದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚಾಗುತ್ತಿತ್ತು. ಒಂದು ಹೊತ್ತಿನ ಊಟದಷ್ಟು!

ಕೇಳುತ್ತಾ ಕೇಳುತ್ತಾ ನನಗೆ ಅಳು ಬಂತು. ಇಷ್ಟು ದಿನ ಯಾರೂ ಇದನ್ನು ಹೇಳಿರಲಿಲ್ಲವಲ್ಲ ಅಂತ.

ಈ ಸಲ ಅನ್ನ ಬಿಡಬೇಕಿಲ್ಲ. ಮುದ್ದೆಯೂ ಇರಲಿ, ಸ್ವಲ್ಪ ಚಿಕ್ಕದಾಗಲಿ ಅಂದರು. ಕಾಳು ಜಾಸ್ತಿಯಾಗಬೇಕು. ಹೆಸರುಕಾಳು ಉಸಲಿ, ಹುರುಳಿಕಾಳು ಸಾರು, ಮೊಸರು. ತೂಕದ ಜೊತೆ ಮಾಂಸಖಂಡವೂ ಕರಗಬಾರದು, ಅದಕ್ಕೆ ವಾರದಲ್ಲಿ ಎರಡು ದಿನ ಭಾರ ಎತ್ತುವ ವ್ಯಾಯಾಮ. ನಿದ್ದೆಯನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಈಗ ಅಮ್ಮ ವಾಕರ್ ಹಿಡಿದು ತಾವೇ ಓಡಾಡುತ್ತಾರೆ, ಹಾಗಾಗಿ ರಾತ್ರಿ ನಾನೂ ಮಲಗಬಹುದು.

ಮರುದಿನ ಬೆಳಗ್ಗೆ ಲಾಲ್‌ಬಾಗ್‌ಗೆ ಹೋದೆ. ಕೆಂಪೇಗೌಡ ಗೋಪುರದ ಬಂಡೆ ಹತ್ತುವಾಗ ಮೊದಲಿನ ಹಾಗೆ ಆಗಲಿಲ್ಲ. ಅರ್ಧಕ್ಕೇ ಏದುಸಿರು ಬಂತು. ಅಲ್ಲೇ ನಿಂತೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತಾರೆ, ನನಗೆ ಯಾಕೆ ಅವಸರ ಅನ್ನಿಸಿತು. ಉಸಿರು ಹಿಡಿತಕ್ಕೆ ಬಂದ ಮೇಲೆ ಉಳಿದಷ್ಟು ಹತ್ತಿದೆ.

ಇಳಿದು ಕೆರೆ ಕಡೆ ಹೊರಟಾಗ ಹಳೇ ವಾಕಿಂಗ್ ಗುಂಪಿನ ಆಂಟಿ ಸಿಕ್ಕರು. ಎಪ್ಪತ್ತು ದಾಟಿದವರು. ಮೈ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಬಂದ್ಯಾಮ್ಮ? ಅಮ್ಮನ ಮಂಡಿ ಈಗ ಹೇಗಿದೆ?" ಅಂದರು.

ಮಂಡಿ ಆಪರೇಷನ್ ಬಗ್ಗೆ ಮಾತಾಡುತ್ತಲೇ ಒಂದು ಸುತ್ತು ಮುಗಿಯಿತು. ಅವರೂ ಮಾಡಿಸಿಕೊಳ್ಳಬೇಕಂತೆ, ಹೆದರಿಕೆಯಂತೆ. ಮನೆಗೆ ಬನ್ನಿ, ಅಮ್ಮನ ಹತ್ತಿರವೇ ಕೇಳಿ ಅಂದೆ.

"ನಾಳೆ ಆರು ಗಂಟೆಗೆ ಬರ್ತೀಯಾ?"

"ಆಫೀಸಿಗೆ ಬೇಗ ಹೊರಡೋ ದಿನ ಆಗಲ್ಲ ಆಂಟಿ. ಮಿಕ್ಕ ದಿನ ಬರ್ತೀನಿ."

"ಅಷ್ಟೇ ಬಾ. ಗೇಟ್ ಹತ್ತಿರ ಕಾಯ್ತೀನಿ," ಅಂದರು.