ಅಮ್ಮನ ಮಂಡಿ ಮತ್ತು ಕಾರ್ಬನ್-14

ದ್ವಿತೀಯ ಪಿಯುಸಿಗೆ ನ್ಯೂಕ್ಲಿಯಸ್ ಪಾಠ ಮಾಡುವಾಗ ತಾನಾಗಿಯೇ ಕ್ಷಯಿಸುವ ಕಾರ್ಬನ್-14ರ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 5730 ವರ್ಷ ಅಂತ ಬೋರ್ಡ್ ಮೇಲೆ ಬರೆದು, ಹಳೇ ಮರದ ತುಂಡಿನ ವಯಸ್ಸಿನ ಲೆಕ್ಕ ಹಾಕಿಸಿ ಮುಂದೆ ಹೋಗುವುದು ವಾಡಿಕೆ. ನಾನು ಅಲ್ಲಿಗೆ ನಿಲ್ಲಿಸುವುದಿಲ್ಲ. "ನಂಗೆ ಮೆಡಿಕಲ್ ಬೇಕು ಮೇಡಂ, ಫಿಸಿಕ್ಸ್ ಸುಮ್ನೆ ನೀಟ್‌ಗೋಸ್ಕರ" ಅನ್ನುವ ಮಕ್ಕಳಿಗೆ ಮುಂದಿನ ಕಥೆಯನ್ನೂ ಹೇಳಲೇಬೇಕು.

1950ರ ದಶಕದಲ್ಲಿ, 60ರ ದಶಕದ ಶುರುವಿನಲ್ಲಿ ದೊಡ್ಡ ದೇಶಗಳು ಬಯಲಲ್ಲೇ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡಿದವು. ಗಾಳಿಯಲ್ಲಿದ್ದ ಕಾರ್ಬನ್-14 ಹತ್ತಿರ ಹತ್ತಿರ ಎರಡರಷ್ಟಾಯಿತು. ಬಯಲಲ್ಲಿ ಪರೀಕ್ಷೆ ಬೇಡ ಅನ್ನುವ 1963ರ ಒಪ್ಪಂದ ಆದಮೇಲೆ ಅದು ವರ್ಷ ವರ್ಷ ಇಳಿಯುತ್ತಾ ಬಂತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ರಾಗಿಗೆ, ಹಾಲಿಗೆ, ಕೊನೆಗೆ ನಮ್ಮ ಮೈಗೆ. ಜೀವಕೋಶ ಹುಟ್ಟುವಾಗ ಅದರ ಡಿಎನ್‌ಎಗೆ ಆಗಿನ ಕಾರ್ಬನ್ ಸೇರಿ ಹಾಗೇ ಉಳಿದುಬಿಡುತ್ತದೆ. ಗಾಳಿಯ ದಾಖಲೆ ಜೊತೆ ತಾಳೆ ನೋಡಿದರೆ ಕೋಶ ಹುಟ್ಟಿದ ಕಾಲ ಸಿಗುತ್ತದೆ.

ಅಳೆಯುವುದೇ ಕಷ್ಟ. ಲಕ್ಷ ಕೋಟಿ ಕಾರ್ಬನ್ ಪರಮಾಣುಗಳಲ್ಲಿ ಒಂದೋ ಎರಡೋ ಮಾತ್ರ ಕಾರ್ಬನ್-14. ಡಿಎನ್‌ಎಯಲ್ಲಿರುವ ಕಾರ್ಬನ್ನನ್ನು ಗ್ರಾಫೈಟ್ ಮಾಡಿ, ಅದಕ್ಕೆ ಸೀಸಿಯಂ ಅಯಾನುಗಳಿಂದ (ವಿದ್ಯುದಂಶ ಇರುವ ಪರಮಾಣುಗಳಿಂದ) ಹೊಡೆದು, ಹೊರಬಿದ್ದ ಋಣ ಅಯಾನುಗಳನ್ನು ವೇಗವರ್ಧಕದಲ್ಲಿ ಓಡಿಸಿ, ಅಯಸ್ಕಾಂತದಿಂದ ಬಾಗಿಸಿ ಬೇರೆ ಮಾಡಿ ಎಣಿಸುತ್ತಾರೆ. ಹೆಚ್ಚು ಕಡಿಮೆ ಅಷ್ಟೇ ತೂಕದ ನೈಟ್ರೋಜನ್-14 ನಡುವೆ ಸೇರಿಕೊಂಡು ಲೆಕ್ಕ ಕೆಡಿಸಬೇಕಿತ್ತು ಅಲ್ವಾ? ಅದು ಋಣ ಅಯಾನಾಗಿ ನಿಲ್ಲುವುದೇ ಇಲ್ಲ, ಮೊದಲ ಹಂತದಲ್ಲೇ ಕಳಚಿಕೊಳ್ಳುತ್ತದೆ. ಎಷ್ಟು ಚೆಂದದ ಉಪಾಯ!

ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಕರ್ಸ್ಟಿ ಸ್ಪಾಲ್ಡಿಂಗ್, ಯೋನಾಸ್ ಫ್ರಿಸೆನ್ ಅವರ ತಂಡ 2005ರಲ್ಲಿ ಈ ದಾರಿ ತೋರಿಸಿತು. ಹೃದಯದ ಸ್ನಾಯುಕೋಶಗಳು ಹುಟ್ಟಿದಾಗ ಇದ್ದಷ್ಟೇ, ಹೊಸದು ಬರುವುದಿಲ್ಲ ಅಂತ ವೈದ್ಯರು ಬಹಳ ಕಾಲ ನಂಬಿದ್ದರು. ಇದೇ ದಾರಿಯಲ್ಲಿ 2009ರಲ್ಲಿ ಲೆಕ್ಕ ಸಿಕ್ಕಿತು: 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ. 1ರಷ್ಟು ಹೊಸದಾಗುತ್ತವೆ, 75ಕ್ಕೆ ಅದು ಶೇ. 0.45ಕ್ಕೆ ಇಳಿಯುತ್ತದೆ. ತುಂಬಾ ಕಡಿಮೆ, ನಿಜ. ಆದರೆ ಸೊನ್ನೆ ಅಲ್ಲ. ಇರುವ ಶಕ್ತಿಯನ್ನು ಹೆಚ್ಚಿಸಬಹುದಾ ಅಂತ ಕೇಳುವುದಕ್ಕೆ ಈಗ ಅರ್ಥವಿದೆ.

ಮಂಡಿಯ ಉತ್ತರ ಬೇರೆ. ಮಂಡಿ ಬದಲಿಸುವ ಆಪರೇಷನ್ನಿನಲ್ಲಿ ತೆಗೆದ ಕಾರ್ಟಿಲೇಜನ್ನೂ (ಮೂಳೆಯ ತುದಿಯಲ್ಲಿರುವ ನುಣುಪಾದ ಮೃದ್ವಸ್ಥಿ) ಸೇರಿಸಿ ಡೆನ್ಮಾರ್ಕಿನ ಸಂಶೋಧಕರು ಹೀಗೇ ಅಳೆದು, 2016ರಲ್ಲಿ ಪ್ರಕಟಿಸಿದರು. ಅದರ ಕೊಲಾಜೆನ್, ಅಂದರೆ ಅದಕ್ಕೆ ಗಟ್ಟಿತನ ಕೊಡುವ ಪ್ರೋಟೀನ್, ಬೆಳೆಯುವ ವಯಸ್ಸಿನಲ್ಲಿ ಕಟ್ಟಿದ್ದು. ದೊಡ್ಡವರಾದಮೇಲೆ ಬದಲಾಗುವುದೇ ಇಲ್ಲ ಅನ್ನಬಹುದು, ಸವೆತ ಬಂದವರಲ್ಲೂ ಅಷ್ಟೇ. ನಮ್ಮಮ್ಮ 1938ರಲ್ಲಿ ಹುಟ್ಟಿದವರು. ಅವರ ಮಂಡಿಯ ಕೊಲಾಜೆನ್ ಬಹುಪಾಲು ಗಾಳಿಯಲ್ಲಿ ಬಾಂಬಿನ ಕಾರ್ಬನ್ ಏರುವ ಮುಂಚಿನದೇ ಇರಬೇಕು. ಗದ್ದೆ ನಾಟಿಯಲ್ಲಿ ಬಗ್ಗಿದ್ದು, ಬಿಂದಿಗೆ ಹೊತ್ತಿದ್ದು, ಎಲ್ಲಾ ಅದರ ಮೇಲೇ. "ಕಾರ್ಟಿಲೇಜ್ ಬೆಳೆಯುತ್ತೆ" ಅಂತ ಯಾರಾದರೂ ಡಬ್ಬಿ ಪುಡಿ ಮಾರಲು ಬಂದರೆ ನನಗೆ ಸಿಟ್ಟು ಬರುವುದು ಇದಕ್ಕೇ. ಖರ್ಚು ಮಾಡುವುದಾದರೆ ತೊಡೆಯ ಸ್ನಾಯು ಗಟ್ಟಿ ಮಾಡುವ ಫಿಸಿಯೋಥೆರಪಿಗೆ ಮಾಡಲಿ.

ಈಗ ಗಾಳಿಯಲ್ಲಿ ಕಾರ್ಬನ್-14 ಹೆಚ್ಚು ಕಡಿಮೆ ಬಾಂಬಿಗಿಂತ ಮುಂಚಿನ ಮಟ್ಟಕ್ಕೆ ಬಂದಿದೆ. ಸಮುದ್ರ, ಗಿಡಮರ ಒಂದಷ್ಟು ಹೀರಿಕೊಂಡವು. ಕಲ್ಲಿದ್ದಲು, ಪೆಟ್ರೋಲು ಉರಿಸಿದ ಹೊಗೆಯೂ ಅದನ್ನು ತೆಳುವಾಗಿಸುತ್ತಿದೆ. ಇನ್ನು ಹುಟ್ಟುವ ಮಕ್ಕಳಲ್ಲಿ ಈ ಗುರುತು ಇರುವುದಿಲ್ಲ. ಸ್ನಾಯುವಿಗೆ ಬೇರೆ ದಾರಿ ಆಗಲೇ ಇದೆ: ವಯಸ್ಸಾದವರಿಗೆ ಸ್ವಲ್ಪ ಭಾರಜಲ (ಡ್ಯೂಟೀರಿಯಂ ಅನ್ನುವ ಭಾರದ ಹೈಡ್ರೋಜನ್ ಇರುವ ನೀರು) ಕುಡಿಸಿ, ಹೊಸ ಪ್ರೋಟೀನ್ ಎಷ್ಟು ಬೇಗ ಕಟ್ಟುತ್ತದೆ ಅಂತ ಡ್ಯೂಟೀರಿಯಂ ಲೆಕ್ಕದಿಂದ ಅಳೆಯುತ್ತಾರೆ. ಆದರೆ ಅದು ಕೆಲವು ದಿನ, ವಾರಗಳ ಲೆಕ್ಕ. ಎಪ್ಪತ್ತು ವರ್ಷದ ಲೆಕ್ಕ ಹೇಳುವ ಇನ್ನೊಂದು ಉಪಾಯವನ್ನು ಫಿಸಿಕ್ಸ್ ಓದಿದವರೇ ಹುಡುಕಬೇಕು. ನನ್ನ ಕ್ಲಾಸಿನಿಂದ ಯಾರಾದರೂ ಹೋಗಲಿ ಅಂತ ನನಗೆ ಬಹಳ ಆಸೆ.